ಖರೇ ಚಿರತೆ

ಟೀವಿಯಲ್ಲಿ ಹುಲಿ ಬಂದರೆ ನಮ್ಮ ಖಾನಾವಳಿಯಲ್ಲಿ ಯಾರೂ ಹೆದರುತ್ತಿರಲಿಲ್ಲ. ಅದರ ಬಾಲ ಸಡಿಲಾಗಿತ್ತು. ಪ್ರತಿ ಶನಿವಾರ ಸಂಜೆ ಅದೇ ಹುಲಿ, ಅದೇ ಪೊದೆ, ಪೊದೆಯ ಬುಡದಲ್ಲಿ ಅದೇ ಮಣ್ಣಿನ ಕುಂಡ. ಶಿಕಾರಿ ಸಾಹೇಬ ಬಂದೂಕು ಎತ್ತಿದ ಕೂಡಲೇ ಹುಲಿ ಪಕ್ಕಕ್ಕೆ ಬೀಳುತ್ತಿತ್ತು, ಢಮ್ ಎನ್ನುವ ಸದ್ದು ಆಮೇಲೆ ಬರುತ್ತಿತ್ತು.

“ಗುಂಡಿಗಿಂತಾ ಮೊದ್ಲ ಹುಲಿಗೆ ತಿಳೀತೈತಿ ನೋಡ್ರಿ, ಭಾಳ ಶಾಣೇ ಐತಿ,” ಎಂದು ಅಣವೀರಪ್ಪ ಕಾಕಾ ಅಂದರೆ ರೊಟ್ಟಿ ಮುರಿಯುತ್ತಿದ್ದವರೆಲ್ಲ ನಗುತ್ತಿದ್ದರು. ಕಾಕಾ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದವನು. ಯಾವ ವಸ್ತು ನೋಡಿದರೂ ಅದರಲ್ಲಿ ಎಲ್ಲಿ ಸಡಿಲಾಗಿದೆ ಎಂದು ಹುಡುಕುವುದೇ ಅವನ ಚಟ.

ನಾನು ಗುರುಬಾಯಿ. ಗಂಡ ತೀರಿಕೊಂಡ ಮೇಲೆ ಬೈಕುಲ್ಲಾದ ಈ ಚಾಳಿನ ಕೆಳಗಿನ ಖೋಲಿಯಲ್ಲಿ ಖಾನಾವಳಿ ಹಾಕಿದೆ. ಉಣ್ಣಲು ಬರುವವರೆಲ್ಲ ವಿಜಾಪುರ, ಬಾಗಲಕೋಟೆ, ಬೆಳಗಾವಿ ಕಡೆಯವರು. ನನ್ನ ಬಾಯಿ ಜೋರು ಎಂದು ಎಲ್ಲರೂ ಹೇಳುತ್ತಾರೆ. ಹೌದು, ಜೋರು. ಖಾನಾವಳಿ ನಡೆಸುವವಳು ಮೆತ್ತಗಿದ್ದರೆ ಗಿರಾಕಿಗಳು ಪಲ್ಯದ ಜೊತೆ ತಾಟನ್ನೂ ತಿಂದುಬಿಡುತ್ತಾರೆ. ಟೀವಿ ಬಂದದ್ದೂ ನನ್ನ ಹಟದಿಂದಲೇ. ಎದುರಿನ ಬಿಲ್ಡಿಂಗಿನ ಪಾರ್ಸಿ ಮುದುಕಿ ಮಗನ ಮನೆಗೆ ಹೋಗುವಾಗ ಮಾರಿ ಹೋದಳು. “ಹೊಟ್ಟಿಗಿ ಹಿಟ್ಟಿಲ್ಲ, ಜುಟ್ಟಿಗಿ ಮಲ್ಲಿಗಿ” ಎಂದು ಚಾಳಿನ ಹೆಂಗಸರು ಆಡಿಕೊಂಡರು. ಆಡಿಕೊಂಡವರೇ ಶನಿವಾರ ಸಂಜೆ ಕೂಸುಗಳನ್ನು ಸೊಂಟಕ್ಕೇರಿಸಿಕೊಂಡು ಬಾಗಿಲಲ್ಲಿ ನಿಲ್ಲುತ್ತಿದ್ದರು.

ಅವರು ನೋಡಲು ಬರುತ್ತಿದ್ದುದು ಹುಲಿಯನ್ನಲ್ಲ, ನನ್ನ ತಮ್ಮ ಮರೆಪ್ಪನನ್ನು. ಅಪ್ಪ ಅವ್ವ ಇಬ್ಬರೂ ಹೋದ ಮೇಲೆ ಅವನಿಗೆ ನಾನು, ನನಗೆ ಅವನು. ಮೊದಲು ಭಾಂಡುಪ್‌ನಲ್ಲಿ ಕಟ್ಟಡದ ಕೆಲಸಕ್ಕೆ ಇಟ್ಟಿಗೆ ಹೊರುತ್ತಿದ್ದ. ನನ್ನಲ್ಲಿ ಊಟಕ್ಕೆ ಬರುತ್ತಿದ್ದ ಸದಾನಂದ ಅವನನ್ನು ಅಂಧೇರಿಯ ಸ್ಟುಡಿಯೋಕ್ಕೆ ಸೇರಿಸಿದ. ಈ ಸದಾನಂದ ಉಡುಪಿ ಕಡೆಯವನು, ಶೂಟಿಂಗಿನಲ್ಲಿ ಲೈಟು ಹಿಡಿಯುವವನು. ಅಕ್ಕಿ ಉಣ್ಣುವ ಸೀಮೆಯವನಾದರೂ ನನ್ನ ಕೈಯ ರೊಟ್ಟಿಗೆ ಬಿದ್ದಿದ್ದ. ಅಲ್ಲಿ ಒಂದು ಕಂಪನಿಯವರು ಟೀವಿಗೆಂದು ಹಳೇ ಕಾಲದ ಶಿಕಾರಿ ಕಥೆಗಳನ್ನು ತೆಗೆಯುತ್ತಿದ್ದರು. ಶಿಕಾರಿ ಮಾಡಬಾರದೆಂದು ಸರಕಾರ ಬಂದಿ ಹಾಕಿ ಮೂರ್ನಾಲ್ಕು ವರ್ಷವಾಗಿತ್ತು. ಬಂದಿಯಾದ ಮೇಲೆಯೇ ಜನಕ್ಕೆ ಅದನ್ನು ನೋಡುವ ಹುಚ್ಚು ಹತ್ತಿತು.

ಮರೆಪ್ಪ ಹೋದದ್ದು ಪೊದೆ ನೆಡಲಿಕ್ಕೆ. ಅವನ ಮೀಸೆ, ಮೈಕಟ್ಟು ನೋಡಿ ಕಂಪನಿಯವರು ಅವನ ತಲೆಗೆ ರುಮಾಲು ಸುತ್ತಿ, ಹೆಗಲಿಗೆ ಕಂಬಳಿ ಹಾಕಿ, ಕೈಗೆ ಕೊಡಲಿ ಕೊಟ್ಟು ಸಾಹೇಬನ ಮುಂದೆ ಓಡಿಸಿದರು. ಕೂಗು ಹಾಕಿ ಪ್ರಾಣಿ ಎಬ್ಬಿಸುವವನ ಪಾತ್ರ. ಪ್ರತಿ ಕಥೆಯಲ್ಲೂ ಅವನು “ಶೇರ್! ಶೇರ್!” ಎಂದು ಒದರುತ್ತ ಬಂದು ಎಡವಿ ಬೀಳಬೇಕು, ಸಾಹೇಬ ಅವನನ್ನು ಉಳಿಸಬೇಕು.

ಆದಿತ್ಯವಾರ ಊಟಕ್ಕೆ ಬಂದಾಗ ನಾನು ಬಿಡುತ್ತಿರಲಿಲ್ಲ. “ಏನೋ ಮರ್ಯಾ, ಬ್ಯಾಡರ ಮಗಾ ಆಗಿ ಹುಲಿ ನೋಡಿ ಒದರತೀ? ಅಪ್ಪ ಕಂಡಿದ್ರ ಕೆರಾ ತಗೋತಿದ್ದ.”

“ಅಕ್ಕಾ, ಗುಡ್ಡದಾಗ ಹಿಂಗ ಒದರಿದ್ರ ಮೊಲಾನೂ ಸಿಗೂದಿಲ್ಲ. ಇಲ್ಲಿ ಒದರಿದ್ರ ಪಗಾರ ಸಿಗತೈತಿ. ಇನ್ನೊಂದು ರೊಟ್ಟಿ ಹಾಕು.”

ಅವನಿಗೆ ಆ ಕೆಲಸ ಖುಷಿ ಕೊಟ್ಟಿತ್ತು. ಇಟ್ಟಿಗೆ ಹೊತ್ತು ಹೊತ್ತು ಬಾಗಿದ ಕುತ್ತಿಗೆ ನೆಟ್ಟಗಾಗಿತ್ತು. ನನಗೂ ಹೊಟ್ಟೆ ತಣ್ಣಗಿತ್ತು. ಊಟಕ್ಕೆ ಬರುತ್ತಿದ್ದ ಗದಿಗೆಪ್ಪನಿಗೆ ಮಾತ್ರ ಸಂಕಟ. ಅವನು ಮಿಲ್ಲಿನಲ್ಲಿ ಬದಲಿ. ಬೆಳಿಗ್ಗೆ ಎದ್ದು ಗೇಟಿನಲ್ಲಿ ನಿಲ್ಲಬೇಕು, ಒಳಗೆ ಯಾರಾದರೂ ತಪ್ಪಿಸಿದ್ದರೆ ಅವರ ಜಾಗಕ್ಕೆ ಹೋಗಬೇಕು, ಇಲ್ಲವಾದರೆ ತಿರುಗಿ ಬರಬೇಕು. ಊರಲ್ಲಿ ಹೆಂಡತಿ, ಮಕ್ಕಳು. “ಯಾರಿಗರ ಜ್ವರಾ ಬರಲಿ ಅಂತ ದೇವರಿಗಿ ಬೇಡಿಕೊಳ್ಳೂ ಬಾಳೇವ್ರಿ ನಂದು. ಮರೆಪ್ಪಣ್ಣ ನೋಡ್ರಿ, ಬರೇ ಬಿದ್ದೆದ್ದು ರೊಕ್ಕಾ ತರತಾನ,” ಎನ್ನುತ್ತಿದ್ದ.

ಮಳೆಗಾಲ ಮುಗಿಯುವ ಹೊತ್ತಿಗೆ ಆ ಕಾರ್ಯಕ್ರಮಕ್ಕೆ ಹೆಸರು ಕೆಡತೊಡಗಿತು. ಪೇಪರಿನಲ್ಲಿ ಯಾರೋ ‘ಹತ್ತಿ ತುಂಬಿದ ಹುಲಿ, ಹತ್ತಿ ತುಂಬಿದ ಸಾಹೇಬ’ ಎಂದು ಬರೆದರಂತೆ. ಕಾಕಾ ಅದನ್ನು ಎಲ್ಲರಿಗೂ ಓದಿ ಹೇಳಿದ. ಮುಂದಿನ ಆದಿತ್ಯವಾರ ಮರೆಪ್ಪ ಬಂದವನೇ, “ಇನ್ ಮ್ಯಾಲೆ ಯಾರೂ ನಗೂ ಹಂಗಿಲ್ಲ. ಖರೇ ಚಿರತಿ ತರಾಕತ್ತಾರ,” ಎಂದ.

ನಾನು ರೊಟ್ಟಿ ಬಡಿಯುವುದನ್ನು ಬಿಟ್ಟು ಕೇಳಿದೆ: “ಯಾವ ಗುಡ್ಡದ್ದೋ?”

“ಗುಡ್ಡದ್ದಲ್ಲಕ್ಕಾ, ಸರ್ಕಸ್ಸಿಂದು. ಮುಪ್ಪಾಗೈತಿ. ಮಾರಿ ನೋಡಿದ್ರ ಪಾಪ ಅನಿಸ್ತೈತಿ. ನಮ್ಮ ಮುಂದ ಹಾದು ಓಡಿ ಹೋಗಿ ಪಂಜರಾ ಸೇರತೈತಿ, ಅಷ್ಟ.”

“ಹುಷಾರಪಾ,” ಎಂದೆ. ಅಷ್ಟೇ ಅಂದದ್ದು. ಅವನು ಬದನೆಕಾಯಿ ಎಣಗಾಯಿ ಎರಡು ಸಲ ಹಾಕಿಸಿಕೊಂಡು ಉಂಡು, ಬಾಗಿಲಲ್ಲಿ ನಿಂತಿದ್ದ ಕೂಸುಗಳಿಗೆ ಚಿರತೆಯಂತೆ ಗುರ್ ಅಂದು ಹೋದ.

ಆಮೇಲಿನ ಆದಿತ್ಯವಾರ ಬರಲಿಲ್ಲ. ಅದರ ಮುಂದಿನದಕ್ಕೂ ಬರಲಿಲ್ಲ. ಸದಾನಂದನೂ ಊಟ ಬಿಟ್ಟ. ನಾನು ಗದಿಗೆಪ್ಪನನ್ನು ಅಂಧೇರಿಗೆ ಅಟ್ಟಿದೆ. ಅವನನ್ನು ಒಳಗೆ ಬಿಡಲಿಲ್ಲ. ‘ಮರೆಪ್ಪ ಊರಿಗೆ ಹೋದ’ ಎಂದು ಗೇಟಿನ ವಾಚ್‌ಮನ್ ಹೇಳಿ ಕಳಿಸಿದ. ನನಗೆ ಮೈಯೆಲ್ಲ ಉರಿಯಿತು. ಊರಲ್ಲಿ ಯಾರಿದ್ದಾರೆ ಇವನಿಗೆ? ಹೇಳದೆ ಕೇಳದೆ ಹೋಗುವುದೆಂದರೇನು? ಬರಲಿ, ಸೌಟು ಮುರಿಯುತ್ತೇನೆ ಬೆನ್ನ ಮೇಲೆ ಎಂದು ಎಲ್ಲರೆದುರು ಅಂದೆ. ಒಳಗೆ ಮಾತ್ರ ಒಂದೇ ಯೋಚನೆ: ಎಲ್ಲಿದ್ದಾನೆ ಇವನು?

ಆ ಶನಿವಾರ ಚಿರತೆಯ ಕಥೆ ಬಂತು.

ಖೋಲಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಮೊದಲು ಸಾಹೇಬ ಸಿಗರೇಟು ಸೇದಿದ, ಏನೋ ಹೇಳಿದ. ಆಮೇಲೆ ಪೊದೆ ಅಲ್ಲಾಡಿ ಚಿರತೆ ಹೊರಬಂತು. ನಿಜವಾದದ್ದು. ಪಕ್ಕೆಲುಬು ಎಣಿಸಬಹುದಿತ್ತು. ಖೋಲಿಯಲ್ಲಿ ಯಾರೋ “ಅಯ್ಯಯ್ಯ” ಅಂದರು. ಪರದೆಯ ಮೇಲೆ ಜನ ದಿಕ್ಕಾಪಾಲಾಗಿ ಓಡಿದರು. ಮರೆಪ್ಪ ಓಡಲಿಲ್ಲ, ಬೀಳಲಿಲ್ಲ, ಶೇರ್ ಶೇರ್ ಎಂದು ಒದರಲೂ ಇಲ್ಲ. ಹೆಗಲ ಮೇಲಿನ ಕಂಬಳಿ ಸೆಳೆದು ಎಡಗೈಗೆ ಸುತ್ತತೊಡಗಿದ. ಬೆರಳ ತುದಿಯಿಂದ ಮೊಣಕೈ ದಾಟುವ ತನಕ, ಬಿಗಿಯಾಗಿ, ತುದಿಯನ್ನು ಬಗಲಲ್ಲಿ ಹಿಡಿದು.

ನಾನು ಕೈಯಲ್ಲಿದ್ದ ತಾಟು ಕೆಳಗಿಟ್ಟೆ.

ಅದು ನಮ್ಮ ಮನೆಯ ವಿದ್ಯೆ. ಅಪ್ಪ ಬಾದಾಮಿ ಗುಡ್ಡಗಳಲ್ಲಿ ಬೇಟೆಯಾಡಿದವನು. ಚಿರತೆ ಮೈಮೇಲೆ ಬಂದಾಗ ಓಡಬಾರದು, ಕಂಬಳಿ ಸುತ್ತಿದ ಎಡಗೈಯನ್ನು ಅದರ ಬಾಯಿಗೆ ಕೊಡಬೇಕು. ಬಾಯಿ ತುಂಬಿದ ಪ್ರಾಣಿ ಕೈ ಬಿಡುವುದಿಲ್ಲ, ಆಗ ಬಲಗೈಯ ಕೊಡಲಿ ತನ್ನ ಕೆಲಸ ಮಾಡುತ್ತದೆ. “ಕೊಟ್ಟ ಕೈ ಜಗ್ಗಬ್ಯಾಡ್ರಿ, ಜಗ್ಗಿದವ ಸತ್ತ,” ಎಂದು ಅಪ್ಪ ನಾಯಿ ಛೂ ಬಿಟ್ಟು ನಮ್ಮಿಬ್ಬರಿಗೂ ಕಲಿಸಿದ್ದ. ಆದರೆ ಅದನ್ನು ಆಟಕ್ಕೆ ಮಾಡುವಂತಿಲ್ಲ. ಸಣ್ಣವನಿದ್ದಾಗ ಮರೆಪ್ಪ ಗೆಳೆಯರ ಮುಂದೆ ಕೈಗೆ ಕಂಬಳಿ ಸುತ್ತಿ ತೋರಿಸಿದ್ದಕ್ಕೆ ಅಪ್ಪ ಅವನನ್ನು ಇಡೀ ದಿನ ಉಪವಾಸ ಕೆಡವಿದ್ದ. ಸುಳ್ಳಿಗೆ ಸುತ್ತಿದ ಕಂಬಳಿ ಖರೇ ವೇಳೆಗೆ ಕೈಕೊಡುತ್ತದೆ ಎಂದು ನಮ್ಮಲ್ಲಿ ನಂಬಿಕೆ. ಆಮೇಲೆ ಅವನು ನಗೆಗೂ ಅದನ್ನು ಮಾಡಿದವನಲ್ಲ. ಯಾವ ಕಂಪನಿ ಎಷ್ಟು ಪಗಾರ ಕೊಟ್ಟರೂ ಮಾಡುತ್ತಿರಲಿಲ್ಲ.

ಚಿರತೆ ಹಾರಿತು. ಅವನು ಎಡಗೈ ಕೊಟ್ಟ. ಬಲಗೈ ಒಂದು ಸಲ ಮೇಲೆದ್ದು ಇಳಿಯಿತು. ಇಬ್ಬರೂ ಉರುಳಿದರು. ಕೂಡಲೇ ಸಾಹೇಬನ ಮುಖ, ಬಂದೂಕು, ಢಮ್. ಹತ್ತಿ ತುಂಬಿದ ಚಿರತೆಯೊಂದು ನೆಲದ ಮೇಲೆ ಬಿದ್ದಿತ್ತು. ಅದರಾಚೆ ನಮಗೆ ಬೆನ್ನು ಮಾಡಿ ಒಬ್ಬ ಎದ್ದು ನಿಂತು ಸಾಹೇಬನಿಗೆ ಕೈಮುಗಿದ. ಅದೇ ರುಮಾಲು, ಅದೇ ಕಂಬಳಿ. ಕಂಬಳಿ ಮಾತ್ರ ಬಲಗೈಗೆ ಸುತ್ತಿತ್ತು.

ಖೋಲಿಯಲ್ಲಿ ಚಪ್ಪಾಳೆಯೋ ಚಪ್ಪಾಳೆ. ಎಲ್ಲದರಲ್ಲೂ ಸಡಿಲು ಹುಡುಕುವ ಅಣವೀರಪ್ಪ ಕಾಕಾ ಎದ್ದು ನಿಂತಿದ್ದ. “ಇದಕ್ಕ ಅಂತಾರ ನೋಡ್ರಿ ಶಿಕಾರಿ! ಮರೆಪ್ಪ ಏನ್ ಮಾಡ್ಯಾನಲೇ! ಗುರುಬಾಯಿ, ಇವತ್ತ ಎಲ್ಲಾರಿಗೂ ಶೇಂಗಾ ಹೋಳಿಗಿ ಆಗಬೇಕವಾ!”

“ಕಾಕಾ,” ಎಂದೆ, “ಅದು ಆಟಾ ಅಲ್ಲ. ಎದ್ದು ನಿಂತಾವ ನನ್ನ ತಮ್ಮ ಅಲ್ಲ.”

ಅವನು ನಕ್ಕ. ನನ್ನ ಮುಖ ನೋಡಿ ನಿಲ್ಲಿಸಿದ.

ಮರುದಿನ ಬೆಳಿಗ್ಗೆ ನಾವಿಬ್ಬರೂ ದಾದರಿನಲ್ಲಿ ಲೋಕಲ್ ಬದಲಿಸಿ ಅಂಧೇರಿಗೆ ಹೋದೆವು. ಗಾಡಿಯಲ್ಲಿ ಇಬ್ಬರು ಗಂಡಸರು ಅದೇ ಮಾತಾಡುತ್ತಿದ್ದರು, ಏನು ಆ್ಯಕ್ಟಿಂಗ್, ಎಂಥ ಆ್ಯಕ್ಟಿಂಗ್ ಎಂದು. ಕಾಕಾ ಕಿಟಕಿಯ ಕಡೆ ತಿರುಗಿಕೊಂಡ. ಮರೆಪ್ಪ ಸತ್ತಿದ್ದಾನೆ ಎಂದು ನನಗೆ ಆಗಲೇ ಗೊತ್ತಿತ್ತೇ? ಗೊತ್ತಿತ್ತು. ಆದರೂ ಆಸ್ಪತ್ರೆಯಲ್ಲಿದ್ದರೆ ಉಣ್ಣಲಿ ಎಂದು ಡಬ್ಬಿಯಲ್ಲಿ ಮೆತ್ತಗಿನ ನುಚ್ಚು, ಮಜ್ಜಿಗೆ ಕಟ್ಟಿಕೊಂಡಿದ್ದೆ.

ಸ್ಟುಡಿಯೋದ ಗೇಟಿನ ಎದುರು ಚಹಾದ ಅಂಗಡಿಯಲ್ಲಿ ಸದಾನಂದ ಸಿಕ್ಕ. ನನ್ನನ್ನು ಕಂಡವನೇ ಗ್ಲಾಸು ಕೆಳಗಿಟ್ಟು ಎದ್ದು ನಿಂತ. ಓಡಲಿಲ್ಲ. ಅಷ್ಟು ಮಟ್ಟಿಗೆ ಒಳ್ಳೆಯವನು.

“ಅಕ್ಕ, ನಾನೇ ಬರಬೇಕಂತ ಇದ್ದೆ. ಯಾವ ಮುಖ ಇಟ್ಟುಕೊಂಡು ಬರುವುದು?”

“ಮುಖದ್ ಮಾತ ಬಿಡು. ಮರ್ಯಾ ಎಲ್ಲೈದಾನ?”

ಅವನು ಕಾಕಾನ ಕಡೆ ನೋಡಿದ. ಕಾಕಾ ನೆಲ ನೋಡಿದ.

“ಇಲ್ಲ ಅಕ್ಕ. ಅವತ್ತೇ ರಾತ್ರಿ ಆಸ್ಪತ್ರೆಯಲ್ಲಿ ಹೋದ.”

ನಾನು ಅಲ್ಲಿನ ಬಾಕಿನ ಮೇಲೆ ಕೂತೆ. ಅಳು ಬರುತ್ತದೆ ಎಂದು ಕಾದೆ. ಬರಲಿಲ್ಲ. ಹಲ್ಲು ಕೀಳಿಸುವಾಗ ಸೂಜಿ ಚುಚ್ಚಿದ ದವಡೆಯಂತೆ ಮೈಯೆಲ್ಲ ಆಗಿತ್ತು. ಕಾಕಾ ಗೊಳೋ ಎಂದು ಅಳುತ್ತಿದ್ದ. ಅವನಿಗೆ ಚಹಾ ಕೊಡಲು ಅಂಗಡಿಯವನಿಗೆ ಹೇಳಿದೆ.

“ಹೆಂಗಾತು?” ಎಂದು ಕೇಳಿದೆ.

“ಲೈಟಿನ ಬಲ್ಬು ಒಡೆಯಿತು ಅಕ್ಕ, ಬಾಂಬು ಹೊಡೆದ ಹಾಗೆ. ಚಿರತೆ ಹೆದರಿತು. ನಾವೆಲ್ಲ ಓಡಿದೆವು. ಅದಕ್ಕೆ ಯಾರೂ ಬೇಡ ಇತ್ತು, ಅದರ ಪಂಜರಕ್ಕೆ ಹೋಗಬೇಕಿತ್ತು. ಇವನು ದಾರಿಯಲ್ಲಿ ನಿಂತುಬಿಟ್ಟ. ನಾನು ಕೂಗಿದೆ, ಓಡು ಮಾರಾಯ, ಓಡು ಅಂತ. ಅವನು ಕಂಬಳಿ ಸುತ್ತುತ್ತಾ ಇದ್ದ.”

“ಕೊಡಲಿ ಇತ್ತಲ್ಲ ಕೈಯಾಗ?”

“ಎಂತ ಕೊಡಲಿ ಅಕ್ಕ? ಕಟ್ಟಿಗೆದ್ದು. ಮೇಲೆ ಬೆಳ್ಳಿ ಬಣ್ಣ. ಒಂದೇ ಏಟಿಗೆ ಮುರಿಯಿತು.”

ಅದು ಮರೆಪ್ಪನಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಅವನೇ ಎಷ್ಟೋ ಸಲ ಅದಕ್ಕೆ ನಕ್ಕಿದ್ದಾನೆ. ಚಿರತೆ ಎದುರಿಗೆ ಬಂದಾಗ ಆ ಕೈಗೆ ಮರೆತುಹೋಯಿತು.

“ಎಡಗೈ ಪೂರಾ ಹೋಗಿತ್ತೇನು?” ಎಂದೆ. ಅಪ್ಪನ ವಿದ್ಯೆ ಎಲ್ಲಿ ತಪ್ಪಿತು ಎಂದು ನನಗೆ ತಿಳಿಯಬೇಕಿತ್ತು.

ಸದಾನಂದ ತನ್ನ ಎಡಗೈ ನೋಡಿಕೊಂಡ. “ಎಡಗೈಗೆ ಏನೂ ಆಗಿರಲಿಲ್ಲ ಅಕ್ಕ. ಒಂದು ಗೀರು ಸಹ ಇಲ್ಲ.”

“ಅಂದ್ರ?”

“ಅದರ ಬಾಯಿ ಹೊಲಿದಿದ್ದರು. ಸಪೂರ ತಂತಿಯಲ್ಲಿ. ಕ್ಯಾಮೆರಾಕ್ಕೆ ಕಾಣಬಾರದು ಅಂತ. ಬೆಳಿಗ್ಗೆಯೇ ಹೊಲಿದಿದ್ದು, ಇವನಿಗೆ ಯಾರೂ ಹೇಳಿರಲಿಲ್ಲ. ಕಚ್ಚಲಿಕ್ಕೆ ಬಾಯಿ ಇಲ್ಲದ ಪ್ರಾಣಿ, ಎಂತ ಮಾಡ್ತದೆ? ಹಿಂಗಾಲಲ್ಲಿ ಹೊಟ್ಟೆಗೆ ಹೊಡೆಯಿತು. ಇವನು ಕೈ ಎಳೆದುಕೊಳ್ಳಲೇ ಇಲ್ಲ ಅಕ್ಕ. ಅದರ ಬಾಯಿಗೆ ಒತ್ತಿ ಹಿಡಿದೇ ಇದ್ದ. ಬಿಡು, ಉರುಳು ಅಂತ ಎಷ್ಟು ಕೂಗಿದರೂ ಬಿಡಲಿಲ್ಲ.”

ಅಪ್ಪ ಬಾಯಿರುವ ಚಿರತೆಗೆ ಕಲಿಸಿದ್ದ. ಬಾಯಿ ಹೊಲಿದ ಚಿರತೆ ಯಾವ ಗುಡ್ಡದಲ್ಲಿಯೂ ಇರಲಿಲ್ಲ. ಏನೂ ಕಲಿಯದ ಲೈಟಿನವರು, ಮೇಕಪ್ಪಿನವರು, ರೇಷ್ಮೆ ಅಂಗಿಯ ಸಾಹೇಬ, ಎಲ್ಲರೂ ಓಡಿ ಉಳಿದರು. ಕಲಿತವನೊಬ್ಬ ನಿಂತ. ನನಗೆ ಅಪ್ಪನ ಮೇಲೆ ಸಿಟ್ಟು ಬಂತು, ಸತ್ತು ಹನ್ನೆರಡು ವರ್ಷವಾದ ಅಪ್ಪನ ಮೇಲೆ. ಅದೂ ಹೆಚ್ಚು ಹೊತ್ತು ಉಳಿಯಲಿಲ್ಲ.

“ಕ್ಯಾಮೆರಾ ತಿರುಗ್ತಾನೇ ಇತ್ತು,” ಎಂದ ಸದಾನಂದ. “ಆಮೇಲೆ ನೋಡಿ, ಇದು ತುಂಬ ಚೆನ್ನಾಗಿ ಬಂದಿದೆ ಅಂದರು. ಉಳಿದದ್ದನ್ನು ಬೇರೆಯವನಿಗೆ ರುಮಾಲು ಕಟ್ಟಿ ತೆಗೆದರು. ನಿಮಗೆ ತಿಳಿಸ್ತೇವೆ ಅಂತ ನನಗೆ ಹೇಳಿದ್ದರು ಅಕ್ಕ, ದೇವರಾಣೆ.”

“ಮಣ್ಣು ಎಲ್ಲಿ ಮಾಡಿದ್ರಿ?”

“ಮಣ್ಣು ಅಲ್ಲ ಅಕ್ಕ. ಸುಟ್ಟರು. ಕಂಪನಿಯವರೇ ನಿಂತು ಎಲ್ಲ ಮಾಡಿದರು.”

ನಮ್ಮಲ್ಲಿ ಸುಡುವುದಿಲ್ಲ, ಹೂಳುತ್ತಾರೆ. ಅದನ್ನು ಅವನಿಗೆ ಹೇಳಲಿಲ್ಲ. ಹೇಳಿ ಏನು ಮಾಡುವುದಿತ್ತು? ಚಿರತೆ ಎಲ್ಲಿದೆ ಎಂದು ಕೇಳಿದೆ. ಸರ್ಕಸ್ಸಿನವರು ಒಯ್ದರು, ಮುಂದಿನ ಕಥೆಗೆ ಮತ್ತೆ ತರುತ್ತಾರೆ ಎಂದ. ಜನಕ್ಕೆ ಬಹಳ ಹಿಡಿಸಿದೆಯಂತೆ.

ಗೇಟಿನ ಒಳಗೆ ಹೋಗಿ ಜಗಳ ತೆಗೆಯೋಣ, ಪೊಲೀಸರನ್ನು ಕರೆಯೋಣ ಎಂದು ಕಾಕಾ ಅಂದ. ಬೇರೆ ದಿನವಾಗಿದ್ದರೆ ಗೇಟು ಮುರಿಯುವ ಹಾಗೆ ನಾನೇ ಒದರುತ್ತಿದ್ದೆ. ಅವತ್ತು ಬಾಯಿಯೇ ಬರಲಿಲ್ಲ. ನಾಳೆ ಬರೋಣ ಎಂದೆ. ಡಬ್ಬಿಯನ್ನು ಸದಾನಂದನ ಕೈಗೆ ಕೊಟ್ಟೆ. ಅವನು ಅದನ್ನು ಹಿಡಿದುಕೊಂಡು ಅಲ್ಲೇ ನಿಂತಿದ್ದ.

ಬೈಕುಲ್ಲಾದಲ್ಲಿ ಇಳಿದು ಮಾರ್ಕೆಟ್ಟಿಗೆ ಹೋಗಿ ಮೆಂತ್ಯೆ ಸೊಪ್ಪು ಕೊಂಡೆ. ಕಾಕಾ ನನ್ನನ್ನೇ ನೋಡುತ್ತಿದ್ದ. “ಯವ್ವಾ, ಇವತ್ತ ಒಲಿ ಹಚ್ಚಬ್ಯಾಡ,” ಎಂದ. ಹಚ್ಚದಿದ್ದರೆ ಇಷ್ಟು ಜನ ಎಲ್ಲಿ ಉಣ್ಣಬೇಕು? ಸಾವಿನ ಮನೆಯಲ್ಲಿ ಒಲೆ ಹಚ್ಚುವುದಿಲ್ಲ, ನನಗೂ ಗೊತ್ತು. ಆದರೆ ಸಾವು ಆದದ್ದು ಹತ್ತಿರ ಹತ್ತಿರ ಮೂರು ವಾರದ ಹಿಂದೆ, ಆವತ್ತಿನಿಂದ ನಾನು ದಿನಾ ಒಲೆ ಹಚ್ಚುತ್ತಲೇ ಇದ್ದೆ.

ಸಂಜೆ ಎಲ್ಲರೂ ಬಂದು ಕೂತರು. ಯಾರೋ ನಿನ್ನೆಯ ಚಿರತೆಯ ಮಾತು ತೆಗೆದು, ಮರೆಪ್ಪನನ್ನು ಹೊಗಳತೊಡಗಿದರು. ನಾನು ಒಲೆಯ ಮುಂದಿನಿಂದಲೇ ಹೇಳಿದೆ: “ಮರ್ಯಾ ಸತ್ತಾನ. ಆ ಚಿರತಿ ಕೈಯಾಗ ಸತ್ತಾನ. ನೀವು ನೋಡಿದ್ದು ಅದನ್ನ.”

ಕೆಲವರು ತಾಟು ದೂರ ಸರಿಸಿದರು. ಒಬ್ಬ ಎದ್ದು ಹೋಗಿ ಟೀವಿಯ ಕದ ಮುಚ್ಚಿದ. ಕಾಕಾ ಅಂಧೇರಿಯಲ್ಲಿ ಕೇಳಿದ್ದನ್ನು ಸಣ್ಣ ದನಿಯಲ್ಲಿ ಎಲ್ಲರಿಗೂ ಹೇಳಿದ: ಹೊಲಿದ ಬಾಯಿ, ಕಟ್ಟಿಗೆಯ ಕೊಡಲಿ, ಮತ್ತೆ ಬರುವ ಚಿರತೆ. ಬಂದವರೆಲ್ಲ ಒಬ್ಬೊಬ್ಬರಾಗಿ ನನ್ನ ಮುಂದೆ ನಿಂತು, ಹೊರಗೆ ಹೋಗಿ ಚಾಳಿನ ಕಟ್ಟೆಯ ಮೇಲೆ ಕೂತರು.

ಗದಿಗೆಪ್ಪ ಹೋಗಲಿಲ್ಲ. ಗೋಡೆ ಹಿಡಿದು ಒಲೆಯ ಹತ್ತಿರ ಬಂದು ಕುಕ್ಕರಗಾಲಲ್ಲಿ ಕೂತ. ಆ ವಾರ ಅವನಿಗೆ ಮಿಲ್ಲಿನಲ್ಲಿ ಒಂದು ದಿನವೂ ಕೆಲಸ ಸಿಕ್ಕಿರಲಿಲ್ಲ. ಅವನ ಕಣ್ಣು ಕೆಂಪಾಗಿತ್ತು, ನಿಜವಾಗಿ ಅತ್ತಿದ್ದ. ನನಗೊಬ್ಬಳಿಗೇ ಕೇಳುವಂತೆ ಅಂದ:

“ಅಕ್ಕಾರ, ಬ್ಯಾಸರಾ ಮಾಡ್ಕೋಬ್ಯಾಡ್ರಿ. ಮರೆಪ್ಪಣ್ಣನ ಜಾಗಾಕ್ಕ ಯಾರನ್ನರ ತಗೊಂಡಾರೇನ್ರಿ?”

ಅವನಿಗೆ ಬೈಯಬೇಕಿತ್ತು. ಉರಿಯುವ ಕೊಳ್ಳಿ ತೆಗೆದು ಎಸೆಯಬೇಕಿತ್ತು. ನನಗೆ ಸಿಟ್ಟೇ ಬರಲಿಲ್ಲ. ಅವನು ಕೇಳಿದ್ದು ತಪ್ಪು ಎಂದೂ ಅನಿಸಲಿಲ್ಲ. ಗೇಟಿನಲ್ಲಿ ದಿನಾ ಕೇಳುವುದನ್ನೇ ಕೇಳಿದ್ದ.

“ಗೊತ್ತಿಲ್ಲ,” ಎಂದೆ. “ನಾಳೆ ನಾವು ಹೊಂಟೀವಿ, ಬಾ. ಸದಾನಂದನ್ನ ಕೇಳು.”

ಅವನು ತಲೆಯಾಡಿಸಿದ.

“ಚಿರತಿ ಬಂದ್ರ ನಿಂದರಬ್ಯಾಡ. ಓಡು. ತಿಳೀತಿಲ್ಲೋ? ಯಾರು ನಗಲಿ, ಯಾರು ಬೈಲಿ, ಹೇತುಗೊಂಡಾದ್ರೂ ಓಡು.”

“ಓಡತೀನ್ರಿ ಅಕ್ಕಾರ,” ಎಂದ.

ನಾನು ಹಂಚಿನ ಮೇಲಿನ ರೊಟ್ಟಿ ತೆಗೆದು ಅವನ ತಾಟಿಗೆ ಹಾಕಿದೆ.